ಹೊನ್ನಯ್ಯ ಮೇಷ್ಟ್ರು ಮತ್ತು ಇತರೆ ಮನೆಗಳು

ಅಮೆರಿಕದ ಸಂವಿಧಾನದ ಪಾಠ ಶುರುವಾಗುವ ದಿನ ಹೊನ್ನಯ್ಯ ಮೇಷ್ಟ್ರು ತರಗತಿಯ ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದರು. ಫ್ಯಾನನ್ನೂ ಆರಿಸುತ್ತಿದ್ದರು. ಕನಕಪುರದ ಬಿಸಿಲಿಗೆ ನಮ್ಮ ಅಂಗಿಗಳು ಬೆನ್ನಿಗೆ ಅಂಟುತ್ತಿದ್ದವು. ಮೇಷ್ಟ್ರ ಬೋಳುತಲೆಯಿಂದ ಇಳಿದ ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು.

"ಸೆಕೆ ಆಯ್ತಾ ಐತಾ? ಆ ಸಂವಿಧಾನ ಬರ್ದೋರ್ಗೂ ಆಗಿತ್ತು ಕಣ್ರಪ್ಪಾ. ಫಿಲಡೆಲ್ಫಿಯಾದಲ್ಲಿ ಇಡೀ ಬೇಸಿಗೆ ಹಿಂಗೇ ಎಲ್ಲಾ ಮುಚ್ಕಂಡು ಕುಂತಿದ್ರು, ಮಾತು ಆಚೆ ಹೋಗ್ಬಾರ್ದು ಅಂತ. ಯುದ್ಧ ಗೆದ್ದಾಗಿತ್ತು, ರಾಜನ್ನ ಓಡ್ಸಾಗಿತ್ತು. ಇನ್ಮೇಲೆ ಒಟ್ಗೆ ಬಾಳೋದು ಹೆಂಗೆ ಅನ್ನೋದೊಂದು ಯಾರ್ಗೂ ಗೊತ್ತಿರ್ಲಿಲ್ಲ."

ಆಮೇಲೆ ಬೆಂಚುಗಳನ್ನು ರಾಜ್ಯಗಳಾಗಿ ಮಾಡುವರು. ಹಿಂದಿನ ಉದ್ದ ಬೆಂಚು ವರ್ಜೀನಿಯಾ, ಬಾಗಿಲ ಬಳಿಯ ಗಿಡ್ಡ ಬೆಂಚು ಡೆಲಾವೇರ್. ಶಾಸನಸಭೆಯಲ್ಲಿ ಜನಸಂಖ್ಯೆಯ ಮೇಲೆ ಸ್ಥಾನ ಕೊಡಿ ಎಂದು ಉದ್ದ ಬೆಂಚಿನ ನಾವು ಕೂಗಿದರೆ, ರಾಜ್ಯಕ್ಕೆ ಇಷ್ಟು ಎಂದು ಸಮನಾಗಿ ಕೊಡಿ ಎಂದು ಗಿಡ್ಡ ಬೆಂಚಿನವರು ಕೂಗುವರು. ಗಂಟಲು ಕಟ್ಟುವವರೆಗೂ ಜಗಳಾಡಲು ಬಿಟ್ಟು, ಕೊನೆಗೆ ಬೋರ್ಡಿನ ಮೇಲೆ ಎರಡು ಚೌಕ ಬರೆದು "ಎರಡು ಸಭೆ ಮಾಡುದ್ರು, ಒಂದೊಂದ್ರಲ್ಲಿ ಒಬ್ಬೊಬ್ರು ಗೆದ್ರು" ಎಂದು ತಾವೇ ಮಾಡಿದವರಂತೆ ನಗುವರು.

ಆ ನಗು ಮುಂದಿನ ಮಾತಿಗೆ ಇರುತ್ತಿರಲಿಲ್ಲ. ದಕ್ಷಿಣದ ಜಮೀನ್ದಾರರು ತಮ್ಮ ಗುಲಾಮರನ್ನೂ ಲೆಕ್ಕಕ್ಕೆ ಸೇರಿಸಿ ಎಂದರು. ತಲೆ ಹೆಚ್ಚಾದರೆ ಸ್ಥಾನ ಹೆಚ್ಚು. ಉತ್ತರದವರು ಆಗದು ಎಂದರು. ಕೊನೆಗೆ ಐವರನ್ನು ಮೂವರೆಂದು ಎಣಿಸಿದರು.

"ಎಣಿಸಿದ್ಮೇಲೆ ಆ ಓಟು ಯಾರ್ದು ಸಾರ್?" ಎಂದು ಮಾದೇವಿ ಕೇಳಿದಳು. ಅವಳೂ ನಾನೂ ಕೋಡಿಹಳ್ಳಿ ಕಡೆಯವರು, ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು.

"ಯಜಮಾನರ್ದು ಕಣವ್ವಾ. ಆ ಸಂವಿಧಾನದಲ್ಲಿ ಗುಲಾಮ ಅನ್ನೋ ಪದಾನೇ ಬರ್ದಿಲ್ಲ. 'ಇತರೆ ವ್ಯಕ್ತಿಗಳು' ಅಂತ ಬರ್ದವ್ರೆ. ಮಾಡೋವಾಗ ನಾಚ್ಕೆ ಆಗ್ಲಿಲ್ಲ, ಬರ್ಯೋವಾಗ ಆಯ್ತು."

ನಿವೃತ್ತರಾದ ಮೇಲೆ ಮೇಷ್ಟ್ರು ಊರಿಗೆ ಬಂದರು. ಅವರದೂ ನನ್ನದೂ ಒಂದೇ ಊರು. ನಾನು ಅಷ್ಟರಲ್ಲಿ ಕೋಡಿಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೆ. ಅವರಿಗೆ ಗಾಡಿ ಓಡಿಸಲು ಬಾರದು; ಎಲ್ಲಿಗೆ ಹೋಗಬೇಕಾದರೂ ನನ್ನ ಬೈಕಿನ ಹಿಂದೆ, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. "ಒಸಿ ಮೆಲ್ಲಗೆ ಬುಡ್ಲಾ, ಸತ್ರೆ ಪಿಂಚಣಿ ಯಾರ್ಲಾ ತಿಂತಾರೆ?" ಎಂದು ಬೈಯುತ್ತಿದ್ದರು.

ಆ ವರ್ಷ ಕೆರೆಯಿಂದ ಪೈಪಿನಲ್ಲಿ ನೀರು ತರುವ ಯೋಜನೆ ಬಂತು. ನಮ್ಮೂರೂ ಪಕ್ಕದ ಸಣ್ಣ ಊರು ದೊಡ್ಡಿಯೂ ಸೇರಿ ಒಂದು ನೀರಿನ ಸಂಘ ಮಾಡಿಕೊಂಡರೆ ಮಾತ್ರ ಕೊಡುತ್ತೇವೆ ಎಂದರು ಅಧಿಕಾರಿಗಳು. ಮನೆಗಳ ಲೆಕ್ಕದಲ್ಲಿ ಸದಸ್ಯರಿರಲಿ ಎಂದು ನಮ್ಮೂರು. ಊರಿಗೆ ಇಷ್ಟು ಎಂದು ಸಮನಾಗಿರಲಿ ಎಂದು ದೊಡ್ಡಿ. ಸಭೆ ಮೇಲೆ ಸಭೆ ಮುರಿದುಬಿದ್ದವು. ಮೇಷ್ಟ್ರನ್ನು ಕರೆದರು. ಅವರ ಮುಖ ನೋಡಬೇಕಿತ್ತು! ಜನ್ಮವೆಲ್ಲ ಪಾಠ ಮಾಡಿದ್ದು ಕಣ್ಣೆದುರು ಬಂದು ನಿಂತಿತ್ತು. ಎರಡು ಸಮಿತಿ ಮಾಡೋಣ, ಎರಡೂ ಒಪ್ಪಿದರೆ ಮಾತ್ರ ತೀರ್ಮಾನ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ಮುಗಿಯಲಿಲ್ಲ. ದೊಡ್ಡಿಯ ಗಡಿಯಲ್ಲಿ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಹಟ್ಟಿಯ ಮನೆಗಳನ್ನೂ ತಮ್ಮ ಲೆಕ್ಕಕ್ಕೆ ಹಾಕಿ ಎಂದರು ದೊಡ್ಡಿಯವರು. ಜಮೀನಿಲ್ಲದವರನ್ನು ಯಾಕೆ ಎಣಿಸಬೇಕು ಎಂದರು ನಮ್ಮವರು. ಕತ್ತಲಾಗುತ್ತಿತ್ತು, ಜನ ಏಳತೊಡಗಿದ್ದರು. ಎರಡು ಮನೆಗೆ ಒಂದರಂತೆ ಎಣಿಸೋಣ, ಆದರೆ ಹಟ್ಟಿಯವರಿಗೆ ಸದಸ್ಯತ್ವ ಬೇಡ ಎಂದು ಯಾರೋ ಅಂದರು. ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಹುಣಸೆ ಮರದ ಕೆಳಗೆ ತನ್ನ ಹಟ್ಟಿಯವರ ಜೊತೆ ಮಾದೇವಿ ನಿಂತಿದ್ದಳು. ಮೇಷ್ಟ್ರು ಆ ಕಡೆ ನೋಡಲಿಲ್ಲ.

"ಈಗ ಇಂಗೇ ಆಗ್ಲಿ. ಮೊದ್ಲು ನೀರು ಬರ್ಲಿ, ಆಮೇಲೆ ಸರಿ ಮಾಡವ" ಎಂದರು.

ನಿಯಮಗಳನ್ನು ಅವರೇ ಬರೆದುಕೊಟ್ಟರು. ಯಾರೂ ಸುಲಭಕ್ಕೆ ಕೆಡಿಸಬಾರದೆಂದು, ತಿದ್ದುಪಡಿಗೆ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕೆಂದೂ ಸೇರಿಸಿದರು.

ನೀರು ಬಂತು. ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಮೂರನೆಯ ಬೇಸಿಗೆಗೆ ಕೆರೆ ಇಳಿದಾಗ, ಹಟ್ಟಿಯ ಕುರಿತೊಟ್ಟಿಗೆ ಹೋಗುವ ವಾಲ್ವ್ ಮುಚ್ಚಬೇಕೆಂದು ಸಂಘ ತೀರ್ಮಾನಿಸಿತು. ಎರಡೂ ಸಮಿತಿಯಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಸದಸ್ಯನಾಗಿದ್ದ ನಾನೂ ಕೈ ಎತ್ತಿದ್ದೆ. ನನ್ನ ತೋಟ ಒಣಗುತ್ತಿತ್ತು.

ಮಾರನೆಯ ದಿನ ಮಾದೇವಿ ಮೇಷ್ಟ್ರ ಮನೆಗೆ ಬಂದಳು. ನಾನು ಅಲ್ಲೇ ಇದ್ದೆ. ಅವಳು ಜಗುಲಿ ಹತ್ತಲಿಲ್ಲ.

"ರೂಲ್ಸು ಓದ್ದೆ ಸಾರ್. 'ಇತರೆ ಮನೆಗಳು' ಅಂತ ಬರ್ದಿದ್ದೀರಿ. ಹಟ್ಟಿ ಅಂತ ಬರ್ಯಾಕೆ ನಿಮ್ಗೂ ನಾಚ್ಕೆ ಆಯ್ತಾ?"

ಅವಳು "ಬತ್ತೀನಿ ಸಾರ್" ಎಂದು ಹೋದಳು.

ಅವತ್ತಿನಿಂದ ಮೇಷ್ಟ್ರು ಬೇರೆ ಮನುಷ್ಯರಾದರು. ತಿದ್ದುಪಡಿಗೆ ಒಪ್ಪಿ ಎಂದು ಮನೆಮನೆ ತಿರುಗಿದರು. ಜನ ಕಾಫಿ ಕೊಟ್ಟು ಕೂರಿಸಿ, "ನೀವೇ ಮಾಡಿದ್ ರೂಲ್ಸು ಅಲ್ವಾ ಮೇಷ್ಟ್ರೇ, ನಾಕ್ರಲ್ಲಿ ಮೂರು ಪಾಲು ಅಂತ?" ಎಂದು ನಗುತ್ತಿದ್ದರು. ಮೇಷ್ಟ್ರಿಲ್ಲದಿದ್ದರೆ ಊರಿಗೆ ನೀರೇ ಇರುತ್ತಿರಲಿಲ್ಲ ಎಂದು ಯಾರಾದರೂ ಹೊಗಳಿದರೆ ಲೋಟ ಅಲ್ಲೇ ಇಟ್ಟು ಎದ್ದುಬಿಡುತ್ತಿದ್ದರು. ಕುರಿಗಳು ಸೊರಗಿದವು, ಕೆಲವು ಸತ್ತವು. ಉಳಿದವನ್ನು ಮಾರಿ ಹಟ್ಟಿಯ ಮನೆಗಳು ಒಂದೊಂದಾಗಿ ಖಾಲಿಯಾದವು.

ಒಂದು ಸಂಜೆ ದೊಡ್ಡಿಯಿಂದ ವಾಪಸು ಬರುವಾಗ ಬೈಕು ನಿಲ್ಲಿಸು ಎಂದರು. ಇಳಿದು ಕಲ್ಲಿನ ಮೇಲೆ ಕೂತರು.

"ಗೊತ್ತಿಲ್ದೆ ಮಾಡಿದ್ರೆ ತಪ್ಪಾಯ್ತು ಅನ್ಬೋದು. ವರ್ಸವರ್ಸಾನೂ ಪಾಠ ಮಾಡ್ದೋನು ನಾನು. ತಿಳ್ಕಂಡೇ ಮಾಡ್ಬುಟ್ಟೆ ಕಣ್ಲಾ."

"ಅವತ್ತು ಒಪ್ದಿದ್ರೆ ಸಂಘಾನೇ ಆಯ್ತಿರ್ಲಿಲ್ಲ ಸಾರ್" ಎಂದೆ.

"ಫಿಲಡೆಲ್ಫಿಯಾದಲ್ಲಿ ಕುಂತಿದ್ದೋರೂ ಹಂಗೇ ಅಂದ್ಕಂಡಿದ್ರು."

ಅವರನ್ನು ಸಮಾಧಾನ ಮಾಡಲು ಆ ಮಾತು ಹೇಳಿದೆನೋ, ನನ್ನನ್ನೇ ಸಂತೈಸಿಕೊಳ್ಳಲೋ, ಈಗಲೂ ತಿಳಿಯದು.

ಹೊಸ ಚುನಾವಣೆಯಾಗಿ ಒಂದಷ್ಟು ಹುಡುಗರು ಸಂಘಕ್ಕೆ ಬಂದ ಮೇಲೆ ತಿದ್ದುಪಡಿ ಆಯಿತು. ಮೇಷ್ಟ್ರು ಅಷ್ಟರಲ್ಲಿ ಕಾಯಿಲೆ ಬಿದ್ದು, ರಾಮನಗರದಲ್ಲಿ ಮಗಳ ಮನೆಗೆ ಹೋಗಿದ್ದರು. ಸುದ್ದಿ ಹೇಳಲು ನಾನೇ ಓಡಿದೆ. ಮಂಚದ ಮೇಲೆ ತೀರಾ ಇಳಿದುಹೋಗಿದ್ದರು. ಹಟ್ಟಿಗೆ ಪೂರ್ತಿ ಲೆಕ್ಕ, ಪೂರ್ತಿ ಓಟು, ಮಾದೇವಿಯೇ ಮೊದಲ ಸದಸ್ಯೆ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ.

"ಹಟ್ಟೀಲಿ ಈಗ ಎಷ್ಟು ಮನೆ ಅವೆ?"

"ಮೂರು ಸಾರ್."

ಗೋಡೆಯ ಕಡೆ ಹೊರಳಿದರು. "ಹೋದೋರ್ಗೆ ಯಾರ್ಲಾ ಹೇಳ್ತಾರೆ?" ಎಂದರು.

"ನಾನು ಹೇಳ್ತೀನಿ ಸಾರ್" ಎಂದೆ.

ಅದೇ ತಿಂಗಳು ಮೇಷ್ಟ್ರು ತೀರಿಕೊಂಡರು. ಹಟ್ಟಿ ಬಿಟ್ಟವರಲ್ಲಿ ಎರಡು ಮನೆಯವರು ಚನ್ನಪಟ್ಟಣದಲ್ಲಿದ್ದಾರೆ, ಬಸ್ ನಿಲ್ದಾಣದ ಹಿಂದೆ ಶೀಟಿನ ಮನೆಗಳಲ್ಲಿ ಎಂದು ಮಾದೇವಿ ಹೇಳಿದ್ದಾಳೆ. ಗೊಬ್ಬರದ ಲೋಡಿಗೆಂದು ಆ ಊರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ಕಡೆ ಇನ್ನೂ ತಿರುಗಿಲ್ಲ.