ಮಂಜಿನೊಳಗಿನ ಕೆಂಪು ಬಟ್ಟೆ

“ಯವ್ವಾ, ನಿಂದ್ರು! ಮುಂದ ಕೊಳ್ಳ ಅದ!” ಎಂದು ಹೆಂಗಸೊಬ್ಬಳು ಕೂಗಿದಾಗ ನನ್ನ ಒಂದು ಕಾಲು ಕಮರಿಯ ಅಂಚಿನಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ, ಪುಣೆಯ ಕಾತ್ರಜ ಗುಡ್ಡದ ಮೇಲೆ ನಮ್ಮ ಓಟದ ಕ್ಲಬ್ಬಿನ ಮ್ಯಾರಥಾನ್. ಮಂಜಿನಲ್ಲಿ ದಾರಿ ತಪ್ಪಬಾರದೆಂದು ಕ್ಲಬ್ಬಿನವರು ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿದ್ದರು. ನಾನು ಅದನ್ನೇ ನೋಡಿಕೊಂಡು ಓಡಿದ್ದೆ.

ಕೂಗಿದವಳು ಕಲಬುರಗಿ ಕಡೆಯ ಕೂಲಿ ಹೆಂಗಸು. ಅವಳ ಕೈಯಲ್ಲೂ ಅಂಥದೇ ಬಟ್ಟೆ. “ಇವು ದೇವಿಗೆ ಕಟ್ಟಿದ ಹರಕಿ ಅರಿವಿ. ನಿಮ್ಮ ಓಟಕ್ಕಲ್ಲ,” ಎಂದು ಬೈದಳು. ನಮ್ಮ ಬಟ್ಟೆ ಎಲ್ಲಿ ಮುಗಿದು ಅವರ ಹರಕೆ ಎಲ್ಲಿ ಶುರುವಾಗಿತ್ತೋ, ನನಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು. ನನ್ನನ್ನೇ ನಂಬಿ ಹಿಂದೆ ಓಡುತ್ತಿದ್ದ ಗೆಳತಿ ಸುಮಿತ್ರಾ ಬರುತ್ತಿದ್ದಳು. ನಾನು ಕೈ ಚಾಚುವಷ್ಟರಲ್ಲಿ ಆ ಹೆಂಗಸೇ ನುಗ್ಗಿ ಅವಳನ್ನು ತೆಕ್ಕೆಗೆ ಹಾಕಿಕೊಂಡಳು. ಇಬ್ಬರೂ ಅಂಚಿನ ಹುಲ್ಲಿನ ಮೇಲೆ ಬಿದ್ದರು.

“ಬಿಡ, ಹುಚ್ಚಿ! ಪದಕ ಹೋಗ್ತದ!” ಎಂದು ಸುಮಿತ್ರಾ ಒದರುತ್ತಲೇ ಇದ್ದಳು. ಆಮೇಲೆ ಕೆಳಗೆ ನೋಡಿ ಆ ಹೆಂಗಸಿನ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾನು ಈಗಲೂ ಓಡುತ್ತೇನೆ. ಆದರೆ ಬೆನ್ನ ಹಿಂದೆ ಯಾರಾದರೂ ಬಂದರೆ ನಿಂತುಬಿಡುತ್ತೇನೆ. ಪಕ್ಕಕ್ಕೆ ಬರ್ರಿ, ನನ್ನ ಹಿಂದೆ ಮಾತ್ರ ಬರಬ್ಯಾಡ್ರಿ ಅನ್ನುತ್ತೇನೆ.