ಹೊಗೆಯಿಲ್ಲದ ಇದ್ದಿಲು

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಮೂವತ್ತು ವರ್ಷ ರೈಲು ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆದ ಕೈ ಅದು. ಗುಬ್ಬಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಕುಣಿಗಲ್ಲಿನಿಂದ ವರ್ಗವಾಗಿ ಬಂದ ಟೀಚರು. ಮದುವೆ ಯಾವಾಗ ಎಂದು ಕೇಳುವುದನ್ನು ನೆಂಟರೂ ಬಿಟ್ಟಿದ್ದ ವಯಸ್ಸು. ಗೋಡೆಯಾಚೆ ಅವರು ಕೆಮ್ಮಿದರೂ ನನಗೆ ಸಮಾಧಾನವಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಹಿತ್ತಾಳೆ, ತಾಮ್ರ ಹೊಂದಿಸಿ ಮೊಳದುದ್ದದ ಇಂಜಿನ್ನೊಂದನ್ನು ಮಾಡಿದ್ದರು. ಹಿತ್ತಲಲ್ಲಿ ಸುತ್ತಲೂ ಕಂಬಿ. ಅದು ನಿಲ್ಲದೆ ಒಂದು ಸುತ್ತು ಓಡಬೇಕು, ಅಷ್ಟೇ ಅವರ ಆಸೆ. ಕಲ್ಲಿದ್ದಲು ಕುಟ್ಟಿ ಹಾಕಿದರೆ ಮಸಿ ಕಟ್ಟಿ ಅರ್ಧದಲ್ಲೇ ನಿಲ್ಲುತ್ತಿತ್ತು. ಹುಣಸೆ ಇದ್ದಿಲು ಸಿಡಿಯುತ್ತಿತ್ತು. ನನ್ನ ಇಸ್ತ್ರಿ ಪೆಟ್ಟಿಗೆಗೆ ಹಾಕುವ ತೆಂಗಿನ ಚಿಪ್ಪಿನ ಇದ್ದಿಲನ್ನು ಹಾಕಿ ನೋಡಿ ಎಂದೆ. ರೇಗಿದರು.

"ಇಸ್ತ್ರಿ ಪೆಟ್ಗೇನೂ ಇಂಜಿನ್ನೂ ಒಂದೇನಾ ಟೀಚರಮ್ಮ? ನಾನು ಬೆಂಕಿ ಮುಂದೇನೇ ಮುದುಕ ಆದೋನು."

ಆದರೂ ಮರುವಾರ ಒಂದು ಚೀಲ ಚಿಪ್ಪು ತಂದು, ಹಳೆಯ ಡ್ರಮ್ಮಿನಲ್ಲಿ ಸುಟ್ಟು ಬಾಯಿ ಮುಚ್ಚಿ ಇದ್ದಿಲು ಮಾಡಿದರು. ಮೊದಲ ದಿನ ಅದೂ ನಿಂತಿತು. ಜೀವಮಾನವೆಲ್ಲ ಹೊಗೆ ನೋಡಿ ಬೆಂಕಿಯ ಹದ ತಿಳಿದವರು. ಚಿಪ್ಪಿನ ಇದ್ದಿಲಿಗೆ ಹೊಗೆಯೇ ಇಲ್ಲ. ಬೆಂಕಿ ಆರಿತೆಂದು ಮೇಲೆ ಮೇಲೆ ಸುರಿದು ತಾವೇ ಅದರ ಉಸಿರುಕಟ್ಟಿಸಿದ್ದರು.

"ಹೊಗೆ ಕಾಯ್ಬೇಡಿ ಯಜಮಾನ್ರೇ, ಕೆಂಡದ ಬಣ್ಣ ನೋಡಿ," ಎಂದೆ.

ಈ ಸಲ ಇಂಜಿನ್ನು ನಿಲ್ಲದೆ ಮೂರು ಸುತ್ತು ಓಡಿತು. "ಅವಳಿರ್ಬೇಕಾಗಿತ್ತು ಕಣಮ್ಮ," ಎಂದು ಆ ಬೋಳು ಕೈಯಿಂದಲೇ ಕಣ್ಣೊರೆಸಿಕೊಂಡರು.

ಅಂದಿನಿಂದ ಪ್ರತಿ ಭಾನುವಾರ ಇದ್ದಿಲು ಜರಡಿ ಹಿಡಿಯುವರು. ಅವರೆಕಾಳಿನ ಗಾತ್ರದ್ದು ಇಂಜಿನ್ನಿಗೆ, ದಪ್ಪ ಚೂರು ನನಗೆ. "ದಪ್ಪಂದು ನನಗ್ಯಾಕೆ, ತಗಳಿ," ಎಂದು ಡಬ್ಬ ಇಟ್ಟು, ಕಾಫಿ ಕುಡಿದು, ಗಂಟೆಗಟ್ಟಲೆ ಕೂತು ಹೋಗುವರು. ಇಂಜಿನ್ನು ಹೇಗಿದೆ ಎಂದರೆ, "ನೀವು ಸ್ಕೂಲಿಗೆ ಹೋದ್ಮೇಲೆ ಓಡಿಸ್ತೀನಿ," ಎನ್ನುವರು. ಅಷ್ಟರಲ್ಲಿ ನಾನು ತುಮಕೂರಿನಲ್ಲಿ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಕೊಂಡಿದ್ದೆ. ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ. ಗೊತ್ತಾದರೆ ಡಬ್ಬ ಬರುವುದು ನಿಲ್ಲುತ್ತದೆ, ಅವರೂ ಬರುವುದಿಲ್ಲ ಎಂಬ ಹೆದರಿಕೆ.

ನಮ್ಮೂರ ರೈಲುದಾರಿಗೆ ಡೀಸೆಲ್ ಇಂಜಿನ್ನುಗಳು ಬಂದ ಮೇಲೆ, ಒಂದು ಬೆಳಗ್ಗೆ ಕೆಮ್ಮು ಕೇಳಿಸಲಿಲ್ಲ.

ಅವರ ಸಾಮಾನು ತೆಗೆಯುವಾಗ ಇಂಜಿನ್ನು ನೋಡಿದೆ. ತಳದ ಬೆಸುಗೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಂಕಿಗೂಡಿನಲ್ಲಿ ಜೇಡರ ಬಲೆ. ಪಕ್ಕದಲ್ಲಿ ನಾಲ್ಕು ಚೀಲದ ತುಂಬ ಅವರೆಕಾಳಿನ ಗಾತ್ರದ ಇದ್ದಿಲು, ಹಾಗೇ ಇತ್ತು. ಅಷ್ಟು ಭಾನುವಾರ ಅವರು ಜರಡಿ ಹಿಡಿದದ್ದು ನನ್ನ ದಪ್ಪ ಚೂರಿಗಾಗಿ.

ಆ ಚೀಲಗಳನ್ನು ಮನೆಗೆ ತಂದುಕೊಂಡೆ. ಕರೆಂಟಿನ ಪೆಟ್ಟಿಗೆ ಇನ್ನೂ ಬೀರುವಿನಲ್ಲೇ ಇದೆ. ಸಣ್ಣ ಚೂರು ಬೇಗ ಉರಿದುಹೋಗುತ್ತದೆ, ಒಂದು ಸೀರೆಗೆ ಹಳೆಯ ಪೆಟ್ಟಿಗೆಯನ್ನು ಎರಡು ಸಲ ತುಂಬಬೇಕು. ತುಂಬುತ್ತೇನೆ. ಭಾನುವಾರ ನನಗೆ ಬೇರೆ ಏನು ಕೆಲಸ?