ಕಿಡಕಿ ಕಾಕಾನ ಜೇಬು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಸದಾ ಒಂದು ತೆಳ್ಳನೆಯ ಪೊರೆ ಇರುತ್ತಿತ್ತು. ಕಿಟಕಿಯ ಸಂದು ಮುಚ್ಚುವ ಸಿಲಿಕಾನ್ ಅಂಟು ಒಣಗಿ ಆದ ಪೊರೆ. ಮಾತಾಡುತ್ತಲೇ ಅದನ್ನು ಎಡಗೈ ಉಗುರಿನಿಂದ ಸುಲಿಯುತ್ತಿದ್ದರು. ಸುಲಿದು ಬಂದದ್ದರಲ್ಲಿ ಬೆರಳಿನ ಗೆರೆಗಳೆಲ್ಲ ಮೂಡಿರುತ್ತಿದ್ದವು. ಹತ್ತಿರ ಹೋದರೆ ಉಪ್ಪಿನಕಾಯಿ ಭರಣಿ ತೆರೆದಂಥ ಹುಳಿ ವಾಸನೆ. ಗೋಕಾಕದ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಕಿಡಕಿ ಕಾಕಾ ಎನ್ನುತ್ತಿದ್ದರು. ಅಲ್ಯುಮಿನಿಯಂ ಚೌಕಟ್ಟು, ಗಾಜಿನ ಕಿಟಕಿ ಕೂರಿಸುವುದು ಅವರ ಕೆಲಸ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.

ಕಾಕಾ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕಿಟಕಿ ಕೂರಿಸಿ ಸುತ್ತ ಸಿಲಿಕಾನ್ ಎಳೆದ ಮೇಲೆ, ಕಿಟಕಿಯ ಹ್ಯಾಂಡಲ್ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟುಬಿಡುವರು. "ಹ್ಯಾಂಡಲ್ ನಾಳಿ ತರ್ತೇನ್ರಿ" ಎಂಬ ಒಂದೇ ಮಾತು. ಹೊಸ ಕಿಟಕಿ ಕಂಡರೆ ಮನೆಯವರ ಕೈ ಸುಮ್ಮನಿರುವುದಿಲ್ಲ. ತೆರೆದು ನೋಡುತ್ತಾರೆ, ಹಸಿ ಸಿಲಿಕಾನ್ ಕಿತ್ತು ಬರುತ್ತದೆ, ಮಳೆಗಾಲದಲ್ಲಿ ಗೋಡೆ ನೆನೆದಾಗ ಬೈಗುಳ ಮಾತ್ರ ಕಾಕಾನ ಪಾಲಿಗೆ. ಕಲ್ಲೋಳಿಯ ಯಜಮಾನರೊಬ್ಬರು, "ನಮ್ಮ ಮನಿ ಕಿಡಕಿ ತಗ್ಯಾಕ ನಿಮ್ಮ ಪರವಾನಗಿ ಬೇಕೇನ್ರಿ?" ಎಂದು ಹರಿಹಾಯ್ದರಂತೆ. "ಇವತ್ತೊಂದ ದಿನ ಬೇಕ್ರಿ. ನಾಳಿಂದ ನೂರ ವರ್ಷ ತಗೀರಿ" ಎಂದು ಕಾಕಾ ಅವರದೇ ಮನೆಯ ಚಹಾ ಕುಡಿದು ಬಂದರಂತೆ.

ನಾನೋ, ಹುಟ್ಟಾ ಅವಸರದವಳು. ಹಾಲು ಉಕ್ಕುವ ಮೊದಲೇ ಇಳಿಸುವ ಜಾತಿ. ಹೈಸ್ಕೂಲಿನಲ್ಲಿ ಆಟದ ಟೀಚರ್. ಖೋಖೋ, ಕಬಡ್ಡಿ ಕಲಿಸುವುದು ಕೆಲಸ, ಯೋಯೋ ಆಡುವುದು ಹುಚ್ಚು. ಚೆನ್ನಾಗಿಯೇ ಆಡುತ್ತೇನೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಮದುವೆ ವಯಸ್ಸು ದಾಟುತ್ತಿರುವ ಹೆಣ್ಣುಮಗಳು ಅಂಗಳದಲ್ಲಿ ನಿಂತು ದಾರಕ್ಕೆ ಚಕ್ರ ಕಟ್ಟಿ ಆಡಿದರೆ ಓಣಿ ಸುಮ್ಮನಿರುತ್ತದೆಯೇ? ನನ್ನ ಸೋದರತ್ತೆಯಂತೂ ಬಂದಾಗಲೆಲ್ಲ, "ಇದಕ್ಕ ಪಗಾರ ಯಾರ ಕೊಡ್ತಾರ ಬೇ?" ಎಂದು ಕೇಳಿಯೇ ಕೂರುತ್ತಿದ್ದಳು.

ಆಗ ಸಂಕೇಶ್ವರದ ಒಂದು ಶಾಲೆಯವರು ತಮ್ಮ ವಾರ್ಷಿಕ ಗ್ಯಾದರಿಂಗಿನಲ್ಲಿ ಯೋಯೋ ಆಡಿ ತೋರಿಸಲು ಕರೆದರು. ಮಕ್ಕಳಿಗೆ ಹಿಡಿಸಿದರೆ ವಾರಕ್ಕೊಮ್ಮೆ ಬಂದು ಕಲಿಸಬಹುದು ಎಂದಿದ್ದರು. ಅತ್ತೆಯ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಅದೇ ವಾರ ನನ್ನ ಯೋಯೋ ಕೈಕೊಟ್ಟಿತು.

ಈಗಿನ ಯೋಯೋದ ಎರಡು ಹೋಳುಗಳ ನಡುವೆ ಬೇರಿಂಗ್ ಇರುತ್ತದೆ. ಎಸೆದರೆ ದಾರದ ತುದಿಯಲ್ಲಿ ತಿರುಗುತ್ತಲೇ ಇರುತ್ತದೆ, ಎಳೆದರೆ ಬರುವುದಿಲ್ಲ. ದಾರವನ್ನು ಮಡಚಿ ಒಳಗೆ ತುರುಕಿದಾಗ, ಎರಡೂ ಹೋಳುಗಳ ಒಳಮೈಯಲ್ಲಿರುವ ರಬ್ಬರ್ ಉಂಗುರ ಆ ದಾರವನ್ನು ಹಿಡಿಯುತ್ತದೆ, ಯೋಯೋ ಕೈಗೆ ಮರಳುತ್ತದೆ. ನನ್ನದರ ಉಂಗುರಗಳು ಸವೆದು ಹೋಗಿದ್ದವು. ಹೋದ ಯೋಯೋ ಅಲ್ಲೇ ತಿರುಗಿ ತಿರುಗಿ ಸಾಯುತ್ತಿತ್ತು. ಹೊಸ ಉಂಗುರ ಮುಂಬಯಿಯಿಂದ ಬರಬೇಕು, ಕಾರ್ಯಕ್ರಮ ಶನಿವಾರ. ಗುರುವಾರ ನಾನು ಅಂಗಳದ ಗಿಡ್ಡ ಗೋಡೆಯಾಚೆ ತಲೆ ಹಾಕಿ, "ಕಾಕಾ, ಈ ಗಾಲಿ ಒಳಗ ನಿಮ್ಮ ಸಿಲಿಕಾನ್ ಕುಂದರತೈತೇನ್ರಿ?" ಎಂದೆ.

ಕಾಕಾ ಕನ್ನಡಕ ಏರಿಸಿ ನೋಡಿದರು. ಬೇರಿಂಗ್ ತೆಗೆಸಿದರು, ಅಂಟು ಒತ್ತುವ ಗನ್ನಿನಿಂದ ಉಂಗುರದ ಕಾಲುವೆಗೆ ಸಿಲಿಕಾನ್ ಬಿಟ್ಟರು, ಹೆಬ್ಬೆರಳಿನಿಂದ ಅಂದವಾಗಿ ತೀಡಿದರು. ಮರುದಿನ ಮಧ್ಯಾಹ್ನ ಎಸೆದೆ ನೋಡಿ, ಯೋಯೋ ಕೆಳಗೆ ಮುಟ್ಟುವ ಮೊದಲೇ ತಿರುಗಿ ಬಂದು ನನ್ನ ಗೆಣ್ಣಿಗೆ ಬಡಿಯಿತು. ಬಿಚ್ಚಿ ನೋಡಿದರೆ ಕಾಕಾ ಸಿಲಿಕಾನನ್ನು ಬೇರಿಂಗಿನ ಕಡೆ ಎತ್ತರ, ಹೊರಗೆ ತಗ್ಗು ಮಾಡಿದ್ದರು; ಎತ್ತರದ ಅಂಚು ದಾರವನ್ನು ಮೊದಲೇ ಹಿಡಿಯುತ್ತಿತ್ತು.

"ಇದ್ಯಾಕ ಹಿಂಗ್ರಿ?"

"ನೀರ ನಿಲ್ಲಬಾರದ ನೋಡ. ಇಳಿಜಾರ ಕೊಟ್ಟೇನಿ."

"ಯೋಯೋದಾಗ ಮಳಿ ಬರೂದಿಲ್ರಿ ಕಾಕಾ!"

ಅವರು ಹೊಟ್ಟೆ ಹಿಡಿದು ನಕ್ಕರು. ಅಷ್ಟು ವರ್ಷ ಮಳೆಯನ್ನೇ ನೆನೆಯುತ್ತ ಕೆಲಸ ಮಾಡಿದ ಬೆರಳು, ಬೇರೆ ಏನು ಮಾಡೀತು? ಹಳೆಯದನ್ನೆಲ್ಲ ಪಿನ್ನಿನಿಂದ ಕೆದಕಿ ತೆಗೆದೆವು. ಈ ಸಲ ನಾನು ಹೇಳಿದಂತೆ, ಹಳೇ ಸಿಮ್ ಕಾರ್ಡಿನ ಅಂಚಿನಿಂದ ಸಮ ಮಾಡಿ, ಕೂದಲೆಳೆಯಷ್ಟು ತಗ್ಗಿಸಿದರು. ಆಮೇಲೆ ಹೋಳುಗಳನ್ನು ಜೋಡಿಸುವ ನಡುವಿನ ಸ್ಕ್ರೂ ಎತ್ತಿ ಜೇಬಿಗೆ ಹಾಕಿಕೊಂಡರು.

"ಇದನ್ನ ಸಂಕೇಶ್ವರದಾಗ ಕೊಡ್ತೇನಿ. ನಾಳಿ ನಂಗೂ ಹುಕ್ಕೇರಿಯಾಗ ಕೆಲಸ ಐತಿ, ಮುಗಿಸಿ ಅಲ್ಲಿಗೇ ಬರ್ತೇನಿ."

"ಈಗ ಕೊಡ್ರಿ, ನಾ ಜೋಡಸೂದಿಲ್ಲ. ಖರೇನ ಹೇಳ್ತೇನಿ."

"ಜೋಡಸ್ತಿ. ಬಸ್ಸಿನ್ಯಾಗ ಕುಂತ ಜೋಡಸ್ತಿ. ನಿನ್ನ ನಾ ಕಂಡಿಲ್ಲೇನ ತಂಗಿ?"

ನನಗೆ ಮೈಯೆಲ್ಲ ಉರಿಯಿತು. ಶನಿವಾರ ಬಸ್ಸಿನಲ್ಲಿ ಎರಡು ಹೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿ ದಾಟುವಾಗ, ಸ್ಕ್ರೂ ಇದ್ದಿದ್ದರೆ ಖಂಡಿತ ಜೋಡಿಸುತ್ತಿದ್ದೆ. ಸಂಜೆ ಶಾಲೆಯ ಅಂಗಳದಲ್ಲಿ ಒಂದಾದ ಮೇಲೊಂದು ಹಾಡು, ಕೋಲಾಟ ಮುಗಿದವು. ಕಾಕಾನ ಸುಳಿವಿಲ್ಲ. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾನು ವೇದಿಕೆಯ ಮೆಟ್ಟಿಲ ಬಳಿ ಖಾಲಿ ದಾರ ಹಿಡಿದು ನಿಂತಿದ್ದಾಗ, ಕೂತ ಮಕ್ಕಳನ್ನು ದಾಟುತ್ತ ಕಾಕಾ ಬಂದರು. ಜೇಬಿನಲ್ಲಿದ್ದ ಹ್ಯಾಂಡಲ್‌ಗಳ ನಡುವೆ ಹುಡುಕಿ ಸ್ಕ್ರೂ ತೆಗೆದರು. ಕೊಡುವ ಮುಂಚೆ ಎರಡೂ ಉಂಗುರಗಳನ್ನು ಬೆರಳ ಗೆಣ್ಣಿನಿಂದ ಒತ್ತಿ ನೋಡಿದರು.

"ಒಣಗೇತಿ. ಜೋಡಸ."

ಅಂದು ನಾನು ಆಡಿದ ಆಟ ನನಗೇ ಮತ್ತೆ ಬಂದಿಲ್ಲ. ಯೋಯೋ ದಾರದ ತೊಟ್ಟಿಲಲ್ಲಿ ತೂಗಿತು, ಭುಜ ಸುತ್ತಿತು, ಕೊನೆಗೆ ದಾರ ಮಡಚಿ ಕೊಟ್ಟೊಡನೆ ಟಪ್ಪೆಂದು ಅಂಗೈಗೆ ಬಂದು ಕೂತಿತು. ಮಕ್ಕಳ ಕೂಗಾಟದಲ್ಲಿ ಹೆಡ್‌ಮೇಡಂ ಮಾತು ಅರ್ಧವೇ ಕೇಳಿಸಿತು: "ಮುಂದಿನ ವಾರದಿಂದಾನ ಬರ್ತೀರೇನ್ರಿ?" ಹಿಂದಿನ ಸಾಲಿನಲ್ಲಿ ಕಾಕಾ ಪಕ್ಕದವರಿಗೆ ಹೇಳುತ್ತಿದ್ದರು: "ಅದರಾಗಿನ ಸಿಲಿಕಾನ್ ನಂದ್ರಿ."

ಈಗ ಮೂರು ತಾಲೂಕಿನ ಶಾಲೆಗಳಲ್ಲಿ ನನ್ನ ಯೋಯೋ ತರಗತಿಗಳಿವೆ. ಅತ್ತೆ ತನ್ನ ಮೊಮ್ಮಗಳನ್ನೇ ಕಳಿಸುತ್ತಾಳೆ. ಉಂಗುರ ಸವೆದಾಗಲೆಲ್ಲ ಕಾಕಾ ತುಂಬಿಕೊಡುವುದು, ಸ್ಕ್ರೂ ಜೇಬಿಗೆ ಹೋಗುವುದು, ನಾನು ಜಗಳ ತೆಗೆಯುವುದು, ಇದು ನಡೆದೇ ಇತ್ತು.

ಹೋದ ಚಳಿಗಾಲ ಹಾಗೆಯೇ ಯೋಯೋ ಕೊಟ್ಟಿದ್ದೆ; ಕಾಕಾ ಉಂಗುರ ತುಂಬಿ ಹೋಳುಗಳನ್ನು ಮರಳಿಸಿ, ಸ್ಕ್ರೂ ಮಾತ್ರ ಇಟ್ಟುಕೊಂಡಿದ್ದರು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡ ಕಾಕಾ ದವಾಖಾನೆ ಮುಟ್ಟಲಿಲ್ಲ. ಗೋಡೆಯಾಚೆ ಅವರ ಕೆಮ್ಮು ಕೇಳದ ಮನೆಯಲ್ಲಿ ಇರಲು ನನಗೆ ಬಹಳ ಕಷ್ಟವಾಯಿತು.

ಕೆಲವು ದಿನ ಬಿಟ್ಟು ಅವರ ಹೆಂಡತಿ, ನಮ್ಮ ಕಾಕು, ಬಂದು ಕರವಸ್ತ್ರ ಬಿಚ್ಚಿದರು. ಕಾಕಾನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದವಂತೆ: ನನ್ನ ಸ್ಕ್ರೂ, ಒಂದು ಕಿಟಕಿ ಹ್ಯಾಂಡಲ್. "ಇದು ಮೂಡಲಗಿ ಕಂಬಳಿ ನೇಯವ್ರ ಮನೀದು. ಕೊಟ್ಟ ಬರೂಣ ನಡಿ."

ಹೋದೆವು. ಮಗ್ಗದ ಎದುರಿನ ಹೊಸ ಕಿಟಕಿ ಮುಚ್ಚಿಯೇ ಇತ್ತು. ಆ ಮನೆಯ ಅಜ್ಜಿ, "ಅವ್ರ ಬರೂತನಕಾ ಮುಟ್ಟಬ್ಯಾಡ್ರಿ ಅಂದಿದ್ರು. ನಾವ್ಯಾರೂ ಮುಟ್ಟಿಲ್ರಿ" ಎಂದಳು. ನಾನು ಹ್ಯಾಂಡಲ್ ಹೊರತೆಗೆದೆ. ಕಾಕುವೇ ಹೇಳಿದರು: "ಅವರು ತೀರಕೊಂಡ್ರಬೇ. ಹ್ಯಾಂಡಲ್ ತಂದೇವಿ."

ನಾನು ಹ್ಯಾಂಡಲ್ ಕೂರಿಸಿ ಬಿಗಿ ಮಾಡಿದೆ. ಸಿಲಿಕಾನಿನ ಗೆರೆಯನ್ನು ಬೆರಳ ಗೆಣ್ಣಿನಿಂದ ಮೂಲೆಮೂಲೆಗೂ ಒತ್ತಿ ನೋಡಿದೆ.

"ಒಣಗೇತ್ರಿ. ತಗೀರಿ."

ಅಜ್ಜಿ ತೆರೆದಳು. ಕರಿ ಉಣ್ಣೆಯ ಮೇಲೆ ಬಿಸಿಲು ಬಿತ್ತು.

ಹೊರಗೆ ಬಂದ ಮೇಲೆ ಕಾಕು ನನ್ನ ಮುಷ್ಟಿಯಲ್ಲಿದ್ದ ಸ್ಕ್ರೂ ನೋಡಿ, "ನಿಂದೂ ಒಣಗಿರಬೇಕಲ್ಲ, ಜೋಡಸ" ಎಂದರು. ನಾನು ಸ್ಕ್ರೂವನ್ನು ಜೇಬಿಗೆ ಹಾಕಿಕೊಂಡೆ.

"ನಾಳಿ ಜೋಡಸ್ತೇನ್ರಿ ಕಾಕು."